ನನ್ನ ನಿರೋಧಕ ಶಕ್ತಿಯನ್ನು ಹೆಚ್ಚಿಸಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳುವ ಹತ್ತು ದಾರಿಗಳ ಬಗ್ಗೆ ಇಡೀ ಪುಟ ಬಂದಿತ್ತು. ಅಮೃತಬಳ್ಳಿ, ಅರಿಸಿನದ ಹಾಲು, ನೆಲ್ಲಿಕಾಯಿ, ತುಳಸಿ, ಚಕ್ಕೋತ ಇತ್ಯಾದಿ. ಬೆಳಗ್ಗೆ ಏಳೂವರೆಗೆಲ್ಲ ನಮ್ಮ ಬೀಗರು ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿ, ಕೆಳಗೆ ‘ನಿಮಗಂತಲೇ ಬರೆದಂಗಿದೆ’ ಅಂತ ಸೇರಿಸಿದ್ದರು. ಸಂಜೆಯೊಳಗೆ ಇನ್ನೂ ಮೂವರು ಅದನ್ನೇ ಕಳಿಸಿದರು. ಯಾರಿಗೂ ಬೇಜಾರಾಗಬಾರದೆಂದು ಕೈಮುಗಿಯುವ ಚಿತ್ರ ಒತ್ತಿ ಸುಮ್ಮನಾದೆ. ನಿಮ್ಮ ಮುಂದೆ ಮಾತ್ರ ಸುಮ್ಮನಿರಲಾರೆ. ಆ ಹತ್ತರಲ್ಲಿ ಒಂದು ದಾರಿ ಹಿಡಿದು ನಾನು 2021ರಲ್ಲಿ ಎಲ್ಲಿಗೆ ಹೋಗಿ ಮುಟ್ಟಿದೆ ಎನ್ನುವುದು ನಿಮಗೆ ಗೊತ್ತಾಗಬೇಕು.

ನಾನು ಪಶುಪಾಲನಾ ಇಲಾಖೆಯಲ್ಲಿ ಪರೀಕ್ಷಕನಾಗಿದ್ದು ನಿವೃತ್ತನಾದವನು. ಡಿಗ್ರಿಯ ಲೆಕ್ಕದಲ್ಲಿ ಡಾಕ್ಟರಲ್ಲ, ಹಳ್ಳಿಯವರ ಬಾಯಲ್ಲಿ ಮಾತ್ರ ‘ದನದ ಡಾಕ್ಟ್ರು’. ರಕ್ತದೊತ್ತಡವನ್ನು ವರ್ಷಗಟ್ಟಲೆ ಅಲಕ್ಷ್ಯ ಮಾಡಿ ಎರಡೂ ಕಿಡ್ನಿ ಕಳೆದುಕೊಂಡೆ. ಮೊದಲು ಮುಂದೆ ಬಂದವಳು ಹೆಂಡತಿ, ರಕ್ತದ ಗುಂಪು ಕೂಡಿಬರಲಿಲ್ಲ. 2014ರ ಮಾರ್ಚ್‌ನಲ್ಲಿ ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಅಕ್ಕ ತನ್ನ ಎಡ ಕಿಡ್ನಿ ಕೊಟ್ಟಳು. ಅದು ಈಗ ನನ್ನ ಹೊಟ್ಟೆಯ ಬಲಗಡೆ, ಸೊಂಟದ ಮೂಳೆಯ ಒಳಮಗ್ಗುಲಲ್ಲಿ ಇದೆ. ಹಳೆಯ ಎರಡನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಅವು ಒಣಗಿದ ಹುರುಳಿಕಾಯಿಯಂತೆ ಬೆನ್ನಿನ ಕಡೆ ಹಾಗೇ ಬಿದ್ದಿವೆ. ಅಂದರೆ ನನಗೆ ಮೂರು ಕಿಡ್ನಿ. ಈ ಮಾತು ಹೇಳಿದರೆ ಈಗಲೂ ಜನ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

ಆಪರೇಷನ್‌ಗೆ ಮುಂಚೆ ನಮ್ಮಿಬ್ಬರ ರಕ್ತ ತೆಗೆದು, ಜೀವಕೋಶಗಳ ಮೇಲಿರುವ ಎಚ್‌ಎಲ್‌ಎ ಎಂಬ ಗುರುತುಗಳ ಹೊಂದಿಕೆ ನೋಡಿದರು. ಆರಕ್ಕೆ ಮೂರು ಬಂತು. ಮದುವೆಗೆ ಮೂವತ್ತಾರಕ್ಕೆ ಹದಿನೆಂಟು ಗುಣ ಕೂಡಿದರೆ ಸಾಕು ಅನ್ನುತ್ತಾರಲ್ಲ, ನಮ್ಮದೂ ಅಷ್ಟೇ ಆಯ್ತು ಅಂತ ಭಾವ ನಗಾಡಿದರು. ಅಕ್ಕ ನಗಲಿಲ್ಲ. ‘ಒಂದೇ ಹೊಟ್ಟೇಲಿ ಹುಟ್ಟಿದ್ದು, ಒಂದೇ ಹಾಲು ಕುಡಿದಿದ್ದು, ಅರ್ಧ ಹೆಂಗಾಯ್ತು?’ ಅಂದಳು. ಅವತ್ತು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿಕೊಂಡೆ. ನಿಮ್ಮ ಪುರವಣಿಗೆ ಬರೆದವರೂ ಇಷ್ಟನ್ನು ಓದಿಕೊಂಡಿದ್ದರೆ ಚೆನ್ನಾಗಿತ್ತು.

ಕರು ಸತ್ತುಹೋದ ಹಸುವಿನ ಕೆಳಗೆ ಬೇರೆ ಕರು ಬಿಟ್ಟರೆ ಏನಾಗುತ್ತದೆ ಎಂದು ದನ ಕಟ್ಟಿದವರಿಗೆಲ್ಲ ಗೊತ್ತು. ಹಸು ಕಣ್ಣಿನಿಂದಲ್ಲ, ಮೂಗಿನಿಂದ ನೋಡುತ್ತದೆ. ಒಂದು ಸಲ ಮೂಸಿ, ತನ್ನದಲ್ಲ ಎಂದಾದರೆ ಒದೆಯುತ್ತದೆ. ಅದಕ್ಕೇ ಹಿಂದೆ ಸತ್ತ ಕರುವಿನ ಚರ್ಮವನ್ನು ಇನ್ನೊಂದು ಕರುವಿನ ಮೇಲೆ ಹೊದಿಸಿ ಹಾಲು ಕರೆಯುತ್ತಿದ್ದದ್ದು. ನಮ್ಮ ರಕ್ತದಲ್ಲಿ ಓಡಾಡುವ, ಸೋಂಕಿನ ವಿರುದ್ಧ ಕಾವಲಿರುವ ಟಿ ಕೋಶ ಎಂಬ ಬಿಳಿ ರಕ್ತಕಣಗಳ ಕೆಲಸವೂ ಹೆಚ್ಚುಕಮ್ಮಿ ಇದೇ. ಮೈಯ ಬಹುಪಾಲು ಜೀವಕೋಶಗಳು ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ಚಾಚಿಕೊಂಡಿರುತ್ತವೆ. ಟಿ ಕೋಶ ಬಂದು ಅದನ್ನು ಮೂಸುತ್ತದೆ. ಮನೆಯ ವಾಸನೆ ಬಂದರೆ ಮುಂದೆ ಹೋಗುತ್ತದೆ. ವೈರಸ್ಸಿನ ಚೂರಿದ್ದರೆ ಆ ಕೋಶವನ್ನೇ ಕೊಲ್ಲುತ್ತದೆ. ಟಿ ಕೋಶ ವೈರಸ್ಸಿನ ಚೂರೊಂದನ್ನೇ ಅಲ್ಲ, ಚೂರು ಮತ್ತು ಅದನ್ನು ಹೊತ್ತ ಅಣು ಎರಡನ್ನೂ ಒಟ್ಟಿಗೆ ನೋಡುತ್ತದೆ ಎಂದು ಕ್ಯಾನ್ಬೆರಾದಲ್ಲಿ ಕಂಡುಹಿಡಿದವರು ರೋಲ್ಫ್ ಜಿಂಕರ್‌ನಾಗೆಲ್ ಮತ್ತು ಪೀಟರ್ ಡೊಹರ್ಟಿ. ಡೊಹರ್ಟಿ ಓದಿದ್ದು ಪಶುವೈದ್ಯಕೀಯ. 1996ರಲ್ಲಿ ಇಬ್ಬರಿಗೂ ನೊಬೆಲ್ ಬಂದಾಗ ನಮ್ಮ ಇಲಾಖೆಯಲ್ಲಿ ಯಾರೂ ಸಿಹಿ ಹಂಚಲಿಲ್ಲ. ಹಂಚಬೇಕಿತ್ತು.

ಈ ಎಚ್‌ಎಲ್‌ಎ ಗುರುತು ಒಬ್ಬೊಬ್ಬರಲ್ಲೂ ಬೇರೆ ಬೇರೆ. ಅಪ್ಪನ ಹತ್ತಿರ ಎರಡು ಕಟ್ಟು ಇರುತ್ತವೆ, ಒಂದನ್ನು ಕೊಡುತ್ತಾನೆ. ಅಮ್ಮನ ಹತ್ತಿರವೂ ಎರಡು, ಅವಳೂ ಒಂದನ್ನು ಕೊಡುತ್ತಾಳೆ. ಹಾಗಾಗಿ ಒಡಹುಟ್ಟಿದವರಲ್ಲಿ ಪೂರ್ತಿ ಕೂಡಿಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಕೂಡಿಬರುವುದು ನಾಲ್ಕರಲ್ಲಿ ಎರಡು, ಏನೇನೂ ಕೂಡದಿರುವುದು ನಾಲ್ಕರಲ್ಲಿ ಒಂದು. ಅಕ್ಕನಿಗೆ ಇದನ್ನು ನಾಲ್ಕು ಕಡ್ಡಿ ಇಟ್ಟು ತೋರಿಸಿದೆ. ‘ಅಪ್ಪ ನಿಂಗೊಂದು ನಂಗೊಂದು ಮಾಡ್ಬಿಟ್ನಾ, ಜಮೀನಿನಂಗೆ’ ಅಂದಳು.

ಟಿ ಕೋಶಕ್ಕೆ ಮನೆಯ ವಾಸನೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ಅದನ್ನು ಕಲಿಸುವ ಜಾಗ ಥೈಮಸ್. ಟಿ ಅಂದರೆ ಥೈಮಸ್‌ನ ಟಿ. ಮನುಷ್ಯನಿಗೆ ಇದು ಎದೆಯ ಮೂಳೆಯ ಹಿಂದೆ, ಹೃದಯದ ಮೇಲುಗಡೆ ಇರುತ್ತದೆ. ನಾನು ಇದನ್ನು ಕಂಡದ್ದು ಸತ್ತ ಕರುಗಳಲ್ಲಿ. ಎಳೆಗರುವಿನ ಕುತ್ತಿಗೆ ಬಿಡಿಸಿದರೆ ಶ್ವಾಸನಾಳದ ಎರಡೂ ಮಗ್ಗುಲಿಗೆ, ಗಂಟಲಿನವರೆಗೂ, ಬಿಳಿ ಗುಲಾಬಿ ಬಣ್ಣದ ಗಂಟುಗಂಟಾದ ಮಾಂಸ ಕಾಣುತ್ತದೆ. ಮುದಿ ಹಸುವಿನಲ್ಲಿ ಅದೇ ಜಾಗದಲ್ಲಿ ಬರೀ ಕೊಬ್ಬು. ಇಷ್ಟು ದೊಡ್ಡದಾಗಿದ್ದ ಅಂಗ ಹೀಗೆ ಕರಗಿಹೋಗುತ್ತದಲ್ಲ, ಏನಕ್ಕಿತ್ತು ಇದು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. 1961ರವರೆಗೆ ವಿಜ್ಞಾನಿಗಳಿಗೂ ಗೊತ್ತಿರಲಿಲ್ಲವಂತೆ. ಆ ವರ್ಷ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬುವರು ಆಗತಾನೆ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಇಲಿಗಳು ಸೋಂಕಿಗೆ ಬೇಗ ತುತ್ತಾದವು. ಬೇರೆ ಇಲಿಯ ಚರ್ಮ ಅಂಟಿಸಿದರೆ ಅದನ್ನು ತಳ್ಳುವುದೂ ಅವಕ್ಕೆ ಆಗಲಿಲ್ಲ.

ಥೈಮಸ್ಸಿನ ಪಾಠ ಕಠಿಣ. ಮೂಳೆಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಗೊತ್ತುಗುರಿಯಿಲ್ಲದ, ತರಹೇವಾರಿ ಮೂಗು ಬೆಳೆಸಿಕೊಳ್ಳುತ್ತವೆ. ನಮ್ಮದೇ ಎಚ್‌ಎಲ್‌ಎಯನ್ನು ಒಂದಿಷ್ಟೂ ಮುಟ್ಟಲಾರದ ಮೂಗಿನವು ಕೆಲಸಕ್ಕೆ ಬಾರದವು, ತಾವಾಗಿ ಸಾಯುತ್ತವೆ. ಅದನ್ನು ತೀರಾ ಬಿಗಿಯಾಗಿ ಹಿಡಿಯುವವು ಅಪಾಯದವು, ಅವನ್ನೂ ಸಾಯಿಸಲಾಗುತ್ತದೆ. ನಡುವಿನ ಹದದವು ಮಾತ್ರ ಹೊರಗೆ ಬರುತ್ತವೆ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಒಳಗೇ ಮುಗಿದುಹೋಗುತ್ತವೆ. ಇಷ್ಟು ಜನ ಫೇಲಾಗುವ ಪರೀಕ್ಷೆ ನಮ್ಮ ಕೆಪಿಎಸ್‌ಸಿ ಒಂದೇ ಅಂದುಕೊಂಡಿದ್ದೆ.

ಇನ್ನೊಂದು ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇನ್ಸುಲಿನ್ ತಯಾರಾಗುವುದು ಮೇದೋಜೀರಕದಲ್ಲಿ. ಎದೆಯಲ್ಲಿ ಕೂತ ಥೈಮಸ್‌ಗೆ ಇನ್ಸುಲಿನ್‌ನ ಗುರುತು ಎಲ್ಲಿಂದ ಸಿಗಬೇಕು? ಸಿಗದಿದ್ದರೆ ಅದನ್ನು ಬಿಟ್ಟುಬಿಡು ಎಂದು ಕಲಿಸುವುದು ಹೇಗೆ? ಥೈಮಸ್ಸಿನ ಕೆಲವು ಕೋಶಗಳು ಮೈಯ ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು ತಾವೇ ಚೂರುಚೂರು ತಯಾರಿಸಿ ಮಾದರಿಯಾಗಿ ತೋರಿಸುತ್ತವೆ. ಇದನ್ನು ಮಾಡಿಸುವ ಜೀನ್‌ನ ಹೆಸರು ಏರ್. ಅದು ಕೆಟ್ಟು ಹುಟ್ಟುವ ಮಕ್ಕಳಲ್ಲಿ ಟಿ ಕೋಶಗಳು ಒಂದಾದ ಮೇಲೊಂದು ಗ್ರಂಥಿಯ ಮೇಲೆ ಬೀಳುತ್ತವೆ. ಏರ್ ಮಾಡಿಸುವ ಕೆಲಸ, ಮೇಷ್ಟ್ರು ಕರಿಹಲಗೆಯ ಮೇಲೆ ಇಡೀ ಊರಿನ ನಕ್ಷೆ ಬರೆದು, ಇದು ನಮ್ಮ ಬಾವಿ, ಇದು ನಮ್ಮ ಗುಡಿ, ಕಲ್ಲೆಸೆಯಬೇಡಿ ಅಂತ ತೋರಿಸಿದ ಹಾಗೆ.

ಆ ನಕ್ಷೆಯಲ್ಲಿ ಅಕ್ಕನ ಮನೆ ಇರಲಿಲ್ಲ. ನಾನು ನಲವತ್ತೊಂಬತ್ತರ ವಯಸ್ಸಿಗೆ ಆಪರೇಷನ್ ಟೇಬಲ್ಲಿಗೆ ಹೋಗುವ ಹೊತ್ತಿಗೆ ಶಾಲೆಯೇ ಬಹುಪಾಲು ಮುಚ್ಚಿ ಕೊಬ್ಬಾಗಿತ್ತು.

ಒಂದು ಮಾಮೂಲಿ ವೈರಸ್ಸಿನ ಒಂದು ಚೂರನ್ನು ಗುರುತಿಸುವ ಟಿ ಕೋಶ ಲಕ್ಷಕ್ಕೊಂದು ಸಿಕ್ಕರೆ ಹೆಚ್ಚು. ಬೇರೊಬ್ಬ ಮನುಷ್ಯನ ಎಚ್‌ಎಲ್‌ಎ ಕಂಡರೆ ನೂರರಲ್ಲಿ ಒಂದರಿಂದ ಹತ್ತರಷ್ಟು ಟಿ ಕೋಶಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಕಾರಣ ಥೈಮಸ್ಸಿನ ಪಾಠದಲ್ಲೇ ಇದೆ. ಅವನ್ನು ಆರಿಸಿದ್ದೇ ಎಚ್‌ಎಲ್‌ಎಯನ್ನು ಮುಟ್ಟಿ ನೋಡಬಲ್ಲವು ಎಂದು. ಅಕ್ಕನದು ನನ್ನದರಂತೆಯೇ ಇದೆ, ಆದರೆ ಎಲ್ಲೋ ಸ್ವಲ್ಪ ಬೇರೆ. ಆ ಸ್ವಲ್ಪವೇ ಅವಕ್ಕೆ ‘ನಮ್ಮ ಮನೆಗೆ ಕಳ್ಳ ನುಗ್ಗಿದ್ದಾನೆ’ ಎನ್ನುವ ಹಾಗೆ ಕಾಣುತ್ತದೆ. ಪೂರ್ತಿ ಅಪರಿಚಿತನಿಗಿಂತ ದಾಯಾದಿಯ ಮೇಲೆ ಸಿಟ್ಟು ಜಾಸ್ತಿ, ನಮ್ಮೂರ ಕೋರ್ಟು ಕೇಸುಗಳನ್ನು ನೋಡಿದರೆ ಅರ್ಥವಾದೀತು.

ಇದನ್ನು ಮೊದಲು ಸರಿಯಾಗಿ ಕಂಡವರು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್. ಎರಡನೇ ಮಹಾಯುದ್ಧದ ಕಾಲ, ಗ್ಲಾಸ್ಗೋದ ಆಸ್ಪತ್ರೆ. ಸುಟ್ಟ ಗಾಯವಾದ ಹೆಣ್ಣುಮಗಳೊಬ್ಬಳಿಗೆ ಅವಳದೇ ಚರ್ಮದ ಚೂರುಗಳನ್ನೂ, ಅವಳ ಸೋದರನ ಚರ್ಮದ ಚೂರುಗಳನ್ನೂ ಅಂಟಿಸಿದರು. ಅವಳವು ಉಳಿದವು, ಸೋದರನವು ಕರಗಿದವು. ಅದೇ ಸೋದರನಿಂದ ಎರಡನೇ ಸಲ ತೆಗೆದು ಅಂಟಿಸಿದಾಗ ಇನ್ನೂ ಬೇಗ ಹೋದವು. ಮೈ ಅವನನ್ನು ನೆನಪಿಟ್ಟುಕೊಂಡಿತ್ತು. ಮೆಡಾವರ್ ಮತ್ತು ಸರ್ಜನ್ ಥಾಮಸ್ ಗಿಬ್ಸನ್ ಇದನ್ನು 1943ರಲ್ಲಿ ಪ್ರಕಟಿಸಿದರು. ಸ್ವಂತ ಚರ್ಮದ ವಿಷಯದಲ್ಲಿ ಈ ತಕರಾರಿಲ್ಲ ಎನ್ನುವುದಕ್ಕೆ ನಮ್ಮ ಮೈಸೂರಿನ ಯುದ್ಧದಿಂದಲೇ ಒಂದು ಸಾಕ್ಷಿಯಿದೆ. ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದ ಕೋವಾಸ್ಜಿ ಎಂಬುವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಕತ್ತರಿಸಿಕೊಂಡ. ಪುಣೆಯ ಕಡೆ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನೇ ಬಿಡಿಸಿ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಚಿತ್ರಸಮೇತ ಬಂತು. ಹಣೆ ಅವನದೇ, ಮೂಗೂ ಅವನದೇ ಆಯಿತು. ಪಕ್ಕದವನ ಹಣೆಯಿಂದ ತೆಗೆದಿದ್ದರೆ ಕೆಲವೇ ವಾರಗಳಲ್ಲಿ ಉದುರುತ್ತಿತ್ತು.

ನನಗೆ ಬಹಳ ಇಷ್ಟವಾದ ಭಾಗ ದನಗಳದ್ದು. ಹಸು ಅವಳಿ ಹಾಕಿ, ಒಂದು ಗಂಡು ಒಂದು ಹೆಣ್ಣಾದರೆ ಆ ಹೆಣ್ಣುಗರು ಸಾಮಾನ್ಯವಾಗಿ ಗೊಡ್ಡು. ಎಷ್ಟೋ ರೈತರಿಗೆ ನಾನೇ ಈ ಮಾತು ಹೇಳಿ ಅವರ ಮುಖ ಸಣ್ಣದಾದದ್ದನ್ನು ನೋಡಿದ್ದೇನೆ. ಬಸಿರಲ್ಲಿ ಎರಡಕ್ಕೂ ರಕ್ತ ಹಂಚಿಕೆಯಾಗುತ್ತದೆ, ಗಂಡಿನ ಹಾರ್ಮೋನು ಹೆಣ್ಣಿನ ಗರ್ಭಕೋಶವನ್ನು ಕೆಡಿಸುತ್ತದೆ, ಅಷ್ಟು ನಮಗೆ ಪಾಠದಲ್ಲಿತ್ತು. ಇಲ್ಲದ್ದು ಏನೆಂದರೆ, ಆ ಎರಡೂ ಕರುಗಳ ಮೈಯಲ್ಲಿ ಜೀವಮಾನವಿಡೀ ತನ್ನದೂ ಜೊತೆಯದೂ ಎರಡು ಬಗೆಯ ರಕ್ತಕಣಗಳು ಜಗಳವಿಲ್ಲದೆ ಓಡಾಡಿಕೊಂಡಿರುತ್ತವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರೇ ಓವನ್ 1945ರಲ್ಲಿ ಇದನ್ನು ತೋರಿಸಿದರು. ಮೆಡಾವರ್ ತಂಡ ಅವಳಿ ಕರುಗಳಲ್ಲಿ ಒಂದರ ಚರ್ಮ ಇನ್ನೊಂದಕ್ಕೆ ಅಂಟಿಸಿತು. ತದ್ರೂಪಿಯಲ್ಲದ ಅವಳಿಗಳು ತಳ್ಳುತ್ತವೆ, ಹಾಗೆ ಎರಡು ಬಗೆಯನ್ನೂ ಬೇರೆ ಮಾಡಬಹುದು ಎಂಬುದು ಅವರ ಲೆಕ್ಕ. ಕರುಗಳು ಆ ಲೆಕ್ಕವನ್ನು ತಲೆಕೆಳಗು ಮಾಡಿದವು. ಗಂಡಿನ ಚರ್ಮ ಹೆಣ್ಣಿಗೆ ಹಾಕಿದರೂ ಹಿಡಿಯಿತು. ಪಾಠ ಕಲಿಯುವ ಹೊತ್ತಿನಲ್ಲಿ ಜೊತೆಯ ರಕ್ತ ಮೈಯೊಳಗೇ ಇದ್ದರೆ ಅದೂ ಮನೆಯದೇ ಎಂದು ದಾಖಲಾಗುತ್ತದೆ. ಇದನ್ನೇ ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡಾವರ್ ಮೂವರೂ ಸೇರಿ 1953ರಲ್ಲಿ ಇಲಿಗಳಲ್ಲಿ ಮಾಡಿ ತೋರಿಸಿದರು. ಹುಟ್ಟುವ ಮುಂಚೆ ಬೇರೆ ತಳಿಯ ಕೋಶ ಪಡೆದ ಇಲಿ, ಬೆಳೆದ ಮೇಲೆ ಆ ತಳಿಯ ಚರ್ಮವನ್ನು ತಳ್ಳಲಿಲ್ಲ. 1960ರಲ್ಲಿ ಮೆಡಾವರ್ ಮತ್ತು ಆಸ್ಟ್ರೇಲಿಯಾದ ಬರ್ನೆಟ್ ಅವರಿಗೆ ನೊಬೆಲ್ ಬಂತು. ಪುಸ್ತಕಗಳಲ್ಲಿ ಇದಕ್ಕೆ ‘ಸಹಿಷ್ಣುತೆ’ ಎಂದು ಬರೆಯುತ್ತಾರೆ. ನನಗೆ ಆ ಪದ ಸರಿ ಅನ್ನಿಸುವುದಿಲ್ಲ. ಅದರಲ್ಲಿ ಹಲ್ಲುಕಚ್ಚಿ ತಡೆದುಕೊಂಡ ಭಾವವಿದೆ. ನಮ್ಮ ಕಡೆ ಹೊಸ ದನ ಕೊಟ್ಟಿಗೆಗೆ ‘ಒಗ್ಗಿತು’ ಅನ್ನುತ್ತಾರೆ. ಅದು ಸರಿಯಾದ ಮಾತು.

ಅಕ್ಕನ ಕಿಡ್ನಿ ನನಗೆ ಒಗ್ಗಿಲ್ಲ. ಮಾತ್ರೆಗಳು ಟಿ ಕೋಶಗಳ ಬಾಯಿ ಕಟ್ಟಿವೆ, ಅಷ್ಟೇ. ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಟ್ಯಾಕ್ರೊಲಿಮಸ್, ಜೊತೆಗೆ ಇನ್ನೆರಡು. ಈ ಟ್ಯಾಕ್ರೊಲಿಮಸ್ ಸಿಕ್ಕಿದ್ದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ. ಅದಕ್ಕೂ ಮುಂಚಿನ ಸೈಕ್ಲೊಸ್ಪೊರಿನ್ ನಾರ್ವೆಯ ಮಣ್ಣಿನ ಶಿಲೀಂಧ್ರದಿಂದ. ಎಲ್ಲಿಯದೋ ಮಣ್ಣು ತಿಂದು ನಾನು ಬದುಕಿದ್ದೇನೆ. ಈ ಮದ್ದುಗಳಿಲ್ಲದ ಕಾಲದಲ್ಲಿ, 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ನಿಂತದ್ದು ದಾನಿಯೂ ರೋಗಿಯೂ ತದ್ರೂಪಿ ಅವಳಿಗಳಾಗಿದ್ದರಿಂದ. ರೊನಾಲ್ಡ್ ಹೆರಿಕ್ ಕೊಟ್ಟದ್ದು, ರಿಚರ್ಡ್ ಪಡೆದದ್ದು. ಖಾತ್ರಿ ಮಾಡಿಕೊಳ್ಳಲು ಮೊದಲು ಒಬ್ಬನ ಚರ್ಮದ ಚೂರನ್ನು ಇನ್ನೊಬ್ಬನಿಗೆ ಅಂಟಿಸಿ ಕಾದಿದ್ದರು. ರಿಚರ್ಡ್ ಎಂಟು ವರ್ಷ ಬದುಕಿದ.

ಈಗ ನನ್ನ ತಪ್ಪಿನ ವಿಷಯ. 2021ರಲ್ಲಿ ಕೊರೊನಾದ ಎರಡನೇ ಅಲೆ ಇಳಿದಿತ್ತು. ಊರೆಲ್ಲ ಕಷಾಯ. ನಮ್ಮ ಹಿತ್ತಲಿನ ಬೇವಿನ ಮರಕ್ಕೇ ಅಮೃತಬಳ್ಳಿ ಹಬ್ಬಿತ್ತು, ಕೇಳಿದವರಿಗೆಲ್ಲ ನಾನೇ ತುಂಡು ಮಾಡಿ ಕೊಡುತ್ತಿದ್ದೆ. ಟ್ಯಾಕ್ರೊಲಿಮಸ್‌ನಿಂದ ಕೈ ನಡುಗುತ್ತದೆ. ನನಗೆ ಸಿರಿಂಜು ಹಿಡಿಯುವಾಗ ನಾಚಿಕೆಯಾಗುತ್ತಿತ್ತು. ಒಂದು ನಾಮಕರಣದಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದ ನೆಂಟರೊಬ್ಬರು, ‘ಏಳು ವರ್ಷ ಆಯ್ತಲ್ಲ, ಇಷ್ಟೊತ್ತಿಗೆ ಮೈಗೆ ಅಭ್ಯಾಸ ಆಗಿರುತ್ತೆ. ನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ ಈಗ ತಗೋತಾರಾ ಯಾರಾದ್ರೂ?’ ಅಂದರು. ಮಾತು ನ್ಯಾಯವಾಗಿಯೇ ಕೇಳಿಸಿತು. ಅವತ್ತಿನಿಂದ ರಾತ್ರಿಯ ಮಾತ್ರೆ ಬಿಟ್ಟೆ, ಬೆಳಗ್ಗೆ ಕಷಾಯ ಶುರು ಮಾಡಿದೆ. ಕೈ ನಡುಕ ಕಮ್ಮಿಯಾಯಿತು. ಹೆಂಡತಿಗೂ ಹೇಳಲಿಲ್ಲ.

ಮೂರುವರೆ ವಾರಕ್ಕೆ ಮಾಮೂಲಿ ರಕ್ತ ಪರೀಕ್ಷೆ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 1.3 ಇದ್ದದ್ದು 2.7 ಆಗಿತ್ತು. ನೋವಿಲ್ಲ, ಜ್ವರವಿಲ್ಲ. ಕಸಿ ಮಾಡುವಾಗ ನರ ಕತ್ತರಿಸಿರುತ್ತದಲ್ಲ, ಕಿಡ್ನಿ ಕೂಗಿಕೊಳ್ಳುವುದು ಹೇಗೆ? ರಕ್ತದಲ್ಲಿ ಟ್ಯಾಕ್ರೊಲಿಮಸ್ ನನಗೆ 5ರಿಂದ 8ರ ನಡುವೆ ಇರಬೇಕೆಂದು ಹೇಳಿದ್ದರು, 2ರ ಹತ್ತಿರ ಬಂದಿತ್ತು. ಡಾಕ್ಟರಮ್ಮ ವರದಿ ನೋಡಿ ಬೈಯಲಿಲ್ಲ, ಬಾಗಿಲು ಮುಂದೆ ಮಾಡಿ, ‘ಎಷ್ಟು ದಿನದಿಂದ ಬಿಟ್ಟಿದ್ದೀರಿ?’ ಎಂದು ಕೇಳಿದರು. ಕಿಡ್ನಿಯ ಸಣ್ಣ ಚೂರು ತೆಗೆದು ನೋಡುವ ಬಯಾಪ್ಸಿ ಆಯಿತು. ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಕಿಡ್ನಿಯ ಸಣ್ಣ ಸಣ್ಣ ನಳಿಗೆಗಳ ಸುತ್ತ ಕಡುನೀಲಿ ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಕೆಲವು ನಳಿಗೆಯ ಗೋಡೆ ಕೊರೆದು ಒಳಗೆ ಸೇರಿಕೊಂಡಿದ್ದವು. ‘ಇವೆಲ್ಲ ನಿಮ್ಮ ಟಿ ಕೋಶಗಳು. ನಿಮ್ಮ ನಿರೋಧಕ ಶಕ್ತಿ ತುಂಬ ಚೆನ್ನಾಗಿದೆ’ ಅಂದರು. ಆ ಮಾತು ನಾನು ಸಾಯುವವರೆಗೂ ಮರೆಯುವುದಿಲ್ಲ.

ಮೂರು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು. ಕ್ರಿಯಾಟಿನಿನ್ ಇಳಿದು 1.7ಕ್ಕೆ ನಿಂತಿತು. 1.3ಕ್ಕೆ ಮತ್ತೆ ಬರಲೇ ಇಲ್ಲ. ಅಕ್ಕ ಕೊಟ್ಟದ್ದರಲ್ಲಿ ಒಂದು ಭಾಗವನ್ನು ಆ ಮೂರುವರೆ ವಾರದಲ್ಲಿ ನಾನು ಕಳೆದೆ. ಕಷಾಯದಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಮಾತ್ರೆ ಬಿಟ್ಟದ್ದು ನಾನು, ಅಷ್ಟೇ ಸಾಕಿತ್ತು. ಆದರೆ ಅದೇ 2021ರಲ್ಲಿ ಮುಂಬೈನ ವೈದ್ಯರು, ಅಮೃತಬಳ್ಳಿ ತೆಗೆದುಕೊಂಡ ಆರು ಮಂದಿಯಲ್ಲಿ, ಮೈಯ ನಿರೋಧಕ ಕೋಶಗಳು ತಮ್ಮ ಯಕೃತ್ತಿನ ಮೇಲೇ ಬಿದ್ದಂಥ ಲಕ್ಷಣ ಕಂಡದ್ದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಜಗಳ ಅವರದು, ನಾನು ತೀರ್ಪು ಕೊಡುವವನಲ್ಲ. ನಮ್ಮ ಹಿತ್ತಲ ಬಳ್ಳಿಯನ್ನು ಮಾತ್ರ ಬುಡಸಮೇತ ಕಿತ್ತೆ. ನಿಮ್ಮ ಪಟ್ಟಿಯ ಚಕ್ಕೋತದ ಕಥೆ ಇನ್ನೊಂದು ಬಗೆಯದು. ದೇವನಹಳ್ಳಿ ಚಕ್ಕೋತ ನನಗೆ ಪ್ರಾಣ. ಅದರಲ್ಲಿರುವ ಕೆಲವು ಅಂಶಗಳು ಕರುಳಿನಲ್ಲಿ ಟ್ಯಾಕ್ರೊಲಿಮಸ್ ಅನ್ನು ಒಡೆದುಹಾಕುವ ಕಿಣ್ವವನ್ನು ತಡೆಯುತ್ತವೆ, ಮದ್ದು ರಕ್ತದಲ್ಲಿ ಏರಿ ಕಿಡ್ನಿಗೇ ವಿಷವಾಗಬಹುದು. ಹನ್ನೆರಡು ವರ್ಷದಿಂದ ಒಂದು ತೊಳೆಯನ್ನೂ ಮುಟ್ಟಿಲ್ಲ.

ಟಿ ಕೋಶಗಳ ಬಾಯಿ ಕಟ್ಟಿದರೆ ಪರವಾಗಿಲ್ಲ ಎಂದೂ ತಿಳಿಯಬೇಡಿ. ದನ ಕಂದು ಹಾಕುವ ರೋಗ ಬಾರದಂತೆ ಹೆಣ್ಣುಗರುಗಳಿಗೆ ಕೊಡುವ ಬ್ರುಸೆಲ್ಲಾ ಲಸಿಕೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಸೂಜಿ ಕೈಗೆ ಚುಚ್ಚಿಕೊಂಡರೆ ಗಟ್ಟಿಮುಟ್ಟಾದವರಿಗೇ ಜ್ವರ ಬರುತ್ತದೆ. ಕಸಿಯಾದ ಮೇಲೆ ನನಗೆ ಆ ಕೆಲಸ ನಿಷೇಧ. ಕಾಲುಬಾಯಿ ಜ್ವರದ ಲಸಿಕೆ ಸತ್ತ ವೈರಸ್ಸಿನದು, ಅದಕ್ಕೆ ಹೋಗುತ್ತಿದ್ದೆ. 2017ರಲ್ಲಿ ಸರ್ಪಸುತ್ತು ಬಂದು ಒಂದು ತಿಂಗಳು ಮಲಗಿದೆ. ಹಸಿ ಹಾಲು ಇಲ್ಲ, ಜಾತ್ರೆಯ ಪಾನಕ ಇಲ್ಲ. ಈ ಕಡೆ ವಾಲಿದರೆ ಸೋಂಕು, ಆ ಕಡೆ ವಾಲಿದರೆ ಅಕ್ಕನ ಕಿಡ್ನಿ. ‘ಹೆಚ್ಚಿಸಿಕೊಳ್ಳಿ’ ಎನ್ನುವ ಒಂದೇ ಪದದಲ್ಲಿ ಈ ಹಗ್ಗದ ನಡಿಗೆ ಎಲ್ಲಿ ಹಿಡಿಸೀತು? ನಿಮ್ಮ ಲೇಖಕರು ನಿರೋಧಕ ಶಕ್ತಿಯನ್ನು ಮನೆ ಮೇಲಿನ ನೀರಿನ ಟ್ಯಾಂಕಿನಂತೆ ಕಂಡಿದ್ದಾರೆ, ತುಂಬಿದಷ್ಟೂ ಒಳ್ಳೆಯದು. ಅದು ಜಾತ್ರೆಗೆ ಬಂದ ಜನದಂತೆ. ಎಷ್ಟು ಜನ ಎನ್ನುವುದಕ್ಕಿಂತ ಯಾರು ಯಾರನ್ನು ತಡೆಯುತ್ತಿದ್ದಾರೆ ಎನ್ನುವುದು ಮುಖ್ಯ.

ತಡೆಯುವವರೂ ಇದ್ದಾರೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಅವರ ಮೇಲಿನ ಕೆಲಸಕ್ಕೇ. ನಿಮ್ಮಲ್ಲಿ ಆ ಸುದ್ದಿ ಒಳಪುಟದಲ್ಲಿ ಒಂದು ಗೇಣು ಬಂದಿತ್ತು, ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹುಟ್ಟಿದ ಮೂರನೇ ದಿನ ಥೈಮಸ್ ತೆಗೆದರೆ ಇಲಿಗೆ ಬಲ ಕುಗ್ಗುವ ಬದಲು ಅದರ ಮೈ ತನ್ನ ಮೇಲೇ ತಿರುಗಿಬೀಳುತ್ತದೆ. ಯಾಕೆ ಎಂದು ಜಪಾನಿನ ಶಿಮೊನ್ ಸಕಾಗುಚಿ ಹಿಂದೆ ಬಿದ್ದರು. ಉಳಿದ ಟಿ ಕೋಶಗಳನ್ನು ಹತೋಟಿಯಲ್ಲಿಡುವ ಬೇರೊಂದು ಬಗೆಯ ಟಿ ಕೋಶಗಳಿವೆ ಎಂದು 1995ರಲ್ಲಿ ತೋರಿಸಿದರು. ಅಮೆರಿಕದಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಮೈಯೆಲ್ಲ ಹುರುಕಾಗಿ ಕೆಲವೇ ವಾರಗಳಲ್ಲಿ ಸಾಯುವ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿರುವ ಜೀನ್ ಹುಡುಕಿ 2001ರಲ್ಲಿ ಪ್ರಕಟಿಸಿದರು. ಫಾಕ್ಸ್‌ಪಿ3 ಎಂಬ ಆ ಜೀನ್ ಈ ಹತೋಟಿ ಕೋಶಗಳನ್ನು ರೂಪಿಸುತ್ತದೆ ಎಂದು ಆಮೇಲೆ ತಿಳಿಯಿತು. ಥೈಮಸ್ಸಿನ ಪರೀಕ್ಷೆಯಲ್ಲಿ ಕಣ್ತಪ್ಪಿಸಿ ಹೊರಬಿದ್ದ ಪುಂಡರನ್ನು ಇವರೇ ರಟ್ಟೆ ಹಿಡಿದು ಕೂರಿಸುವುದು. ಅರ್ಧ ಗಂಡನ ಗುರುತು ಹೊತ್ತ ಮಗುವನ್ನು ತಾಯಿಯ ಮೈ ಒಂಬತ್ತು ತಿಂಗಳು ತಳ್ಳದೆ ಇರುವುದರಲ್ಲೂ ಇವರ ಪಾಲಿದೆ. ಇದನ್ನು ಅಕ್ಕನಿಗೆ ಹೇಳಿದಾಗ, ‘ಅಮ್ಮನಿಗೆ ಬಂದಿದ್ದು ನಿನಗೆ ಬರಲಿಲ್ಲ ನೋಡು’ ಅಂದಳು.

ರಕ್ತಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ. ಅಕ್ಕನ ಮಜ್ಜೆಯನ್ನೂ ಅವತ್ತೇ ನನಗೆ ಕೊಟ್ಟಿದ್ದರೆ, ಆ ಅವಳಿ ಕರುಗಳಂತೆ ನಾನೂ ಒಗ್ಗುತ್ತಿದ್ದೆನೆ ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಇದು ಹುಚ್ಚು ಯೋಚನೆಯಲ್ಲ. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು 2008ರಲ್ಲಿ, ನನ್ನಂತೆಯೇ ಅರ್ಧ ಹೊಂದಿಕೆಯ ಐದು ಮಂದಿಗೆ ಕಿಡ್ನಿಯ ಜೊತೆ ಅದೇ ದಾನಿಯ ಮಜ್ಜೆಯನ್ನೂ ಕೊಟ್ಟ ವರದಿ ಪ್ರಕಟಿಸಿದರು. ನಾಲ್ವರು ಮಾತ್ರೆ ನಿಲ್ಲಿಸಿ ಬದುಕಿದ್ದರು, ಒಬ್ಬರ ಕಿಡ್ನಿ ಹೋಯಿತು. ಅಹಮದಾಬಾದಿನ ಕಿಡ್ನಿ ಸಂಸ್ಥೆಯಲ್ಲಿ ಡಾ. ಎಚ್.ಎಲ್. ತ್ರಿವೇದಿಯವರೂ ದಾನಿಯ ಕೋಶಗಳನ್ನು ಕೊಟ್ಟು ಒಗ್ಗಿಸುವ ಪ್ರಯತ್ನವನ್ನು ವರ್ಷಗಟ್ಟಲೆ ಮಾಡಿದರು. ಹತೋಟಿ ಕೋಶಗಳನ್ನೇ ಬೆಳೆಸಿ ಮೈಗೆ ಸೇರಿಸುವ ಪರೀಕ್ಷೆಗಳೂ ನಡೆದಿವೆ. ನಿಮ್ಮ ಪುರವಣಿಗೆ ಒಂದು ಪುಟ ಖಾಲಿಯಿದ್ದರೆ ಇದನ್ನು ಬರೆಸಿ. ಕಷಾಯಕ್ಕೆ ಇನ್ನೊಂದು ವಾರ ಇದ್ದೇ ಇದೆ.

ಅಷ್ಟು ಆಗದಿದ್ದರೆ, ಇಂಥ ಲೇಖನದ ಕೆಳಗೆ ಎರಡು ಸಾಲು ದಪ್ಪಕ್ಷರದಲ್ಲಿ ಹಾಕಿ: ‘ಕಿಡ್ನಿ, ಯಕೃತ್ತು, ಹೃದಯ ಕಸಿಯಾದವರು, ಸಂಧಿವಾತ, ಲೂಪಸ್‌ನಂಥ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ, ಮಾತ್ರೆ ಬಿಡಬೇಡಿ.’ ಎರಡೇ ಸಾಲು. ಜಾಹೀರಾತಿನ ಜಾಗವೂ ಹೋಗುವುದಿಲ್ಲ.

ಓದುಗರ ಪತ್ರಕ್ಕೆ ಇದು ಉದ್ದವಾಯಿತೆಂದು ಗೊತ್ತಿದೆ. ಎಲ್ಲಿ ಬೇಕಾದರೂ ಕತ್ತರಿಸಿ, ಅಕ್ಕ ಆಡಿದ ಮಾತುಗಳನ್ನು ಉಳಿಸಿ. ನನ್ನ ಹೆಸರು ಹಾಕಬೇಡಿ. ನನ್ನ ಹೆಸರು ಬಂದರೆ ಅವಳದೂ ತಿಳಿಯುತ್ತದೆ. ಸಂತೆಯಲ್ಲಿ ಯಾರಾದರೂ ‘ತಮ್ಮನಿಗೆ ಕಿಡ್ನಿ ಕೊಟ್ಟ ಮಹಾತಾಯಿ’ ಅಂದರೆ ಅವಳಿಗೆ ಸಿಟ್ಟು ಬರುತ್ತದೆ. ಸೋಮವಾರ ಸೋಮವಾರ ಫೋನ್ ಮಾಡಿ ‘ನಂದು ಹೆಂಗೈತೆ?’ ಅಂತ ಕೇಳುತ್ತಾಳೆ. 2021ರ ವಿಷಯ ಅವಳಿಗೆ ಇನ್ನೂ ಗೊತ್ತಿಲ್ಲ. ಪತ್ರಿಕೆಯನ್ನು ದಿನಾ ಓದುತ್ತಾಳೆ.

ಇತಿ ನಿಮ್ಮ ಓದುಗ,
ನಿವೃತ್ತ ಪಶುವೈದ್ಯಕೀಯ ಪರೀಕ್ಷಕ,
ತಿಪಟೂರು ತಾಲ್ಲೂಕು